ಕಂಪ್ಲಿ ಗಿರಣಿಯ ಬದಲಿ ಆಳು

ಹೊಸಪೇಟೆಯ ಕೈಗಾರಿಕಾ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಕೊಟ್ರಯ್ಯ ಮಾಸ್ತರರ ಕುತ್ತಿಗೆಗೆ ಆ ಕೆಲಸ ಬಿದ್ದಿದ್ದು ೧೯೩೮ರಲ್ಲಿ. ಹೆಡ್ಮಾಸ್ತರರು ಮದರಾಸಿಗೆ ಹೋಗಿಬಂದಿದ್ದರು. ಅಲ್ಲಿ ಯಾವುದೋ ಕಾಲೇಜಿನಲ್ಲಿ ಹುಡುಗರಿಗೆ ನೌಕರಿ ಹುಡುಕಿಕೊಡಲೆಂದೇ ಒಂದು ಆಫೀಸಿದೆಯಂತೆ. ಹದಿನೈದು ದಿನ ಪಾಠ, ಹದಿನೈದು ದಿನ ಕಾರ್ಖಾನೆಯಂತೆ. ನಮ್ಮಲ್ಲೂ ಆಗಲಿ ಎಂದರು. ಹೇಳುವವರಿಗೇನು ಕಷ್ಟ! ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಸಿದರು. ‘ಉದ್ಯೋಗ ಶಾಖೆ’ ಎಂದು ಬೋರ್ಡು ಬರೆಯುವುದನ್ನೂ ಮಾಸ್ತರರಿಗೇ ಒಪ್ಪಿಸಿದರು.

ಆ ಶಾಖೆ ಏನು ಮಾಡಬೇಕೆಂಬುದು ಮಾಸ್ತರರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಸಂಡೂರಿನ ಗಣಿಗೆ ಹೋದರೆ, “ನಿಮ್ಮ ಹುಡುಗ್ರು ಕಲ್ಲು ಒಡಿತಾರೇನ್ರಿ?” ಎಂದು ಕೇಳಿ ಕಳಿಸಿದರು. ಕಂಪ್ಲಿಯ ಅಕ್ಕಿ ಗಿರಣಿಯ ಗವಿಸಿದ್ದಪ್ಪ ಸಾಹುಕಾರರು ಮಾತ್ರ ಇಂಜಿನ್ ಮನೆಯಲ್ಲಿ ಒಂದು ಜಾಗ ಇದೆ ಎಂದರು. ಒಂದೇ ಜಾಗ, ಇಬ್ಬರು ಹುಡುಗರು. ಮೊದಲ ಹದಿನೈದು ದಿನ ಬಟ್ಟೆ ಅಂಗಡಿಯವರ ಮನೆಯ ಜಡೆಪ್ಪ, ಆಮೇಲೆ ಬುಕ್ಕಸಾಗರದ ಕೂಲಿ ಹೊಳೆಮ್ಮನ ಮಗ ಹುಲುಗಪ್ಪ, ಹೀಗೇ ಸರದಿ. ವರ್ಷ ತುಂಬಿದ ಮೇಲೆ ಚೆನ್ನಾಗಿ ಕಲಿತವನಿಗೆ ಕೆಲಸ ಕಾಯಂ. ಹುಲುಗಪ್ಪನಿಗೇ ಸಿಗಲೆಂದು ಮಾಸ್ತರರ ಜೀವ ಒಳಗೊಳಗೇ ಬಯಸುತ್ತಿತ್ತು. ತಂದೆಯಿಲ್ಲದ ಮನೆ, ತಾಯಿಯ ಕೈಕಾಲು ಸೋತಿದ್ದವು.

ವರ್ಷ ತುಂಬಿತು. ಮಾಸ್ತರರು ಇಬ್ಬರನ್ನೂ ಕಟ್ಟಿಕೊಂಡು ಕಂಪ್ಲಿಗೆ ಹೋದರು. ಹುಡುಗರು ಹೊರಗೆ ಕಟ್ಟೆಯ ಮೇಲೆ ಕೂತರು. ಸಾಹುಕಾರರು ಒಳಗೆ ಚಹಾ ತರಿಸಿದರು.

“ನಿಮ್ಮ ಜಡೆಪ್ಪ ಭಾಳ ಚಲೋ ರೀ ಅಯ್ನೋರ. ಮೊನ್ನೆ ಇಂಜಿನ್ ನಿಂತಾಗ ಒಬ್ಬನ ಬಿಚ್ಚಿ ಸರಿ ಮಾಡ್ಯಾನ. ಅವನ್ನ ಕಾಯಂ ಮಾಡ್ತೀನಿ.”

“ಮೊನ್ನೆ ಸರದಿ ಹುಲುಗಪ್ಪಂದು, ಅದನ್ನ ಮಾಡಿದಾವ ಅವನ ಅಲ್ರೀ?”

“ಯಾರವ? ಜಡೆಪ್ಪನ ಬದಲಿ ಆಳೇನು?”

ಗಿರಣಿಯ ರೂಢಿಯೇ ಹಾಗೆ. ಆಳಿಗೆ ಹುಷಾರಿಲ್ಲದಿದ್ದರೆ ತಮ್ಮನನ್ನೋ ಅಳಿಯನನ್ನೋ ಬದಲಿಗೆ ಕಳಿಸುತ್ತಾನೆ. ಬಂದವನು ದುಡಿದದ್ದೆಲ್ಲ ಮೊದಲಿನವನ ಲೆಕ್ಕಕ್ಕೆ; ಅವನನ್ನು ಕರೆಯುವುದೂ ಮೊದಲಿನವನ ಹೆಸರಿನಿಂದಲೇ. ಸಾಹುಕಾರರು ಇಂಜಿನ್ ಮನೆಗೆ ಕಾಲಿಡುವವರಲ್ಲ, ಮೇಸ್ತ್ರಿ ಹೇಳಿದ ಹೆಸರಷ್ಟೇ ಅವರಿಗೆ ಗೊತ್ತು. ಹೆಸರು ತಿದ್ದಲು ಹೋಗಿ ಜಾಗ ಕಳೆದುಕೊಂಡೇನೆಂದು ಹುಲುಗಪ್ಪನೂ ವರ್ಷವಿಡೀ ಜಡೆಪ್ಪನಾಗಿ ಓಗೊಟ್ಟಿದ್ದ.

“ಬದಲಿ ಅಲ್ರೀ ಸಾವ್ಕಾರ್ರ, ಇಬ್ರೂ ಸಮ. ಅರ್ಧರ್ಧ.”

“ಒಂದು ಕೆಲಸಕ್ಕ ಇಬ್ರು ಬಂದ್ರ ಒಬ್ಬಾವ ಬದಲಿನ ಅಲ್ಲೇನ್ರಿ?”

ಮಾಸ್ತರರಿಗೆ ಹೌದೆನ್ನಿಸಿತು, ಮರುಗಳಿಗೆ ಅಲ್ಲವೆನ್ನಿಸಿತು. ಹದಿನೈದು ದಿನದ ಲೆಕ್ಕವನ್ನು ಇನ್ನೊಮ್ಮೆ ಬಿಡಿಸಿ ಹೇಳಹೋಗಿ ತಾವೇ ಗೋಜಲಾದರು. ಅಷ್ಟರಲ್ಲಿ ಸಾಹುಕಾರರು ಬಾಗಿಲ ಕಡೆ ತಿರುಗಿ, “ಜಡೆಪ್ಪಾ, ಬಾರಲೇ!” ಎಂದು ಕೂಗಿಯೇಬಿಟ್ಟರು.

ಕಟ್ಟೆಯ ಮೇಲಿನ ಇಬ್ಬರೂ ಎದ್ದರು. ಜಡೆಪ್ಪ ಒಂದು ಗಳಿಗೆ ನಿಂತ. ಆಮೇಲೆ ಹುಲುಗಪ್ಪನ ಬೆನ್ನಿಗೆ ಕೈಹಾಕಿ ಒಳಗೆ ತಳ್ಳಿದ. “ಹೋಗಲೇ, ನಿನ್ನ ಕರಿಯಾಕತ್ತಾರ. ನನಗ ಅಂಗಡಿ ಐತಿ.”

ಹೀಗೆ ಜಡೆಪ್ಪನ ಹೆಸರಿನಲ್ಲಿ ಹುಲುಗಪ್ಪನಿಗೆ ಕೆಲಸ ಸಿಕ್ಕಿತು. ಮಾಸ್ತರರು ಹೆಸರು ತಿದ್ದಲು ಹೋಗಲಿಲ್ಲ. ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಬಸ್ಸು ಹತ್ತಿದರು. ಹೆಡ್ಮಾಸ್ತರರಂತೂ ಶಾಖೆ ಗೆದ್ದಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಕೆಲಸ ಕಾಯಂ ಆದ ಮೇಲೆ ಹುಲುಗಪ್ಪ ಗಿರಣಿಯಲ್ಲೇ ಇರತೊಡಗಿದ. ತಿಂಗಳು ಕಳೆದಿರಬೇಕು, ಹೊಳೆಮ್ಮ ಮೆಟ್ಟಿಲ ಕೆಳಗಿನ ಮೇಜಿನ ಮುಂದೆ ಬಂದು ನಿಂತಳು. ಮಗನನ್ನು ನೋಡಲು ಕಂಪ್ಲಿಗೆ ಹೋದವಳು ಅಲ್ಲಿಂದ ನೇರವಾಗಿ ಬಂದಿದ್ದಳು. ಕೈಯಲ್ಲಿ ರೊಟ್ಟಿಯ ಗಂಟು ಹಾಗೇ ಇತ್ತು, ಮುಖದಲ್ಲಿ ಜೀವವಿರಲಿಲ್ಲ.

“ಅಯ್ನೋರ, ಗಿರಣಿ ಬಾಗಿಲಾಗ ಎಲ್ಲಾರನ್ನೂ ಕೇಳಿದ್ನಿರಿ. ಹುಲುಗಪ್ಪ ಅನ್ನಾವ ಇಲ್ಲಿ ಯಾವತ್ತೂ ಇದ್ದಿಲ್ಲ ಅಂದ್ರು. ನನ್ನ ಮಗನ್ನ ಎಲ್ಲಿಗೆ ಕಳಿಸೀರಿ?”

“ಅಲ್ಲೇ ಅದಾನವ್ವ, ಕುಂದ್ರು,” ಎಂದರು ಮಾಸ್ತರರು. ಯಾವ ಹೆಸರಿನಿಂದ ಕೇಳಬೇಕೆಂಬುದನ್ನು ಹೆತ್ತವಳಿಗೆ ಹೇಳಲು ಅವರಿಗೆ ನಾಲಿಗೆ ಬರಲಿಲ್ಲ.