ಬಾಣಂತಿ ಕೋಣೆಯ ಕೋವಿಕಂಡಿಗಳು

ಬಾಳೂರಿನ ಹತ್ತಿರ ನಾವು ತಗೊಂಡ ಕಾಫಿ ತೋಟದೊಳಗೆ ಪಾಳೇಗಾರರ ಕಾಲದ್ದೊಂದು ಕೋಟೆಮನೆ ಇತ್ತು. ಸೂರು ಎಂದೋ ಕುಸಿದಿತ್ತು, ಎರಡು ಮೊಳ ದಪ್ಪದ ಮಣ್ಣಿನ ಗೋಡೆಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಅದನ್ನೇ ರಿಪೇರಿ ಮಾಡಿಸಿ ಇರೋಣ ಅಂತ ನಮ್ಮ ಯಜಮಾನರಿಗೆ ಹುಚ್ಚು. ನಾನೇನು ಕಮ್ಮಿಯೇ? ಮಗಳ ಚೊಚ್ಚಲ ಬಾಣಂತನ ಆ ಮನೆಯಲ್ಲೇ ಆಗಬೇಕು ಅಂತ ಹಟ ಹಿಡಿದವಳು ನಾನು. ಬೀಗರ ಮುಂದೆ ಜಂಬ ಕೊಚ್ಚಿಯೂ ಆಗಿತ್ತು.

ಹೆಂಚು ಹೊದೆಸಿದ್ದಾಯಿತು, ಬಚ್ಚಲು, ಕರೆಂಟು ಎಲ್ಲ ಆಯಿತು. ನಾವಿಬ್ಬರೂ ಅಲ್ಲಿಗೇ ಹೋಗಿ ಇದ್ದೆವು. ಬಾಣಂತಿಗೆ ಅಂತ ನಾನು ಆರಿಸಿದ್ದು ಮೂಲೆಯ ಕೋಣೆ. ಅದರ ಗೋಡೆಯಲ್ಲಿ ಸಾಲಾಗಿ ಕೋವಿಕಂಡಿಗಳು, ಹಿಂದಿನವರು ಕೋವಿಯ ಮೂತಿ ಹೊರಗಿಟ್ಟು ಗುಂಡು ಹೊಡೆಯುತ್ತಿದ್ದ ಕಿಂಡಿಗಳು. ಅಲ್ಲಿಂದ ಸುಯ್ಯಂತ ಗಾಳಿ. ಬಾಣಂತಿಗೆ ಗಾಳಿ ತಾಗಿದರೆ ಗತಿಯೇನು? ಎಲ್ಲ ಮುಚ್ಚಿ, ಗೋಡೆಯುದ್ದಕ್ಕೂ ಒಳಗೆ ಹೊರಗೆ ಸಿಮೆಂಟು ಬಳಿಯಿರಿ ಅಂದೆ.

"ಮಣ್ಣಿನ ಗೋಡೆ ಅಮ್ಮಾ. ಸಿಮೆಂಟು ಹಾಕಿದ್ರೆ ತೇವ ಒಳಗೇ ನಿಲ್ತದೆ. ಸುಣ್ಣದ ಗಾರೆ ಮಾಡುವ, ಸ್ವಲ್ಪ ಟೈಮ್ ಕೊಡಿ," ಅಂದರು ವಯಸ್ಸಾದ ಮೇಸ್ತ್ರಿ.

"ನೀವೆಷ್ಟು ಬಾಣಂತನ ಮಾಡಿದ್ದೀರಿ?" ಅಂದೆ. ಪಾಪ, ಹೇಳಿದ ಹಾಗೆ ಮಾಡಿಕೊಟ್ಟು ಹೋದರು.

ಮಳೆ ಹಿಡಿದ ಮೇಲೆ ಗೋಡೆ ಬೆವರತೊಡಗಿತು. ಒರೆಸಿದೆ. ಮರುದಿನ ಮತ್ತೆ ಒರೆಸಿದೆ. ಒಂದು ಬೆಳಿಗ್ಗೆ ನೋಡಿದರೆ, ಮಂಚ ಇಡಬೇಕಾದ ಕಡೆಯಲ್ಲೇ ಗೋಡೆ ಬಸುರಿಯ ಹೊಟ್ಟೆಯ ಹಾಗೆ ಮುಂದೆ ಬಂದಿದೆ. ತಟ್ಟಿದರೆ ಟೊಳ್ಳು ಸದ್ದು. ಮಗಳು ಬರೋಕೆ ಇನ್ನು ಐದೇ ದಿನ. ಯಜಮಾನರಿಗೆ ಕಾಣದಿರಲಿ ಅಂತ ಅಲ್ಲಿಗೊಂದು ಬೆಡ್‌ಶೀಟ್ ಇಳಿಬಿಟ್ಟೆ. ಎರಡು ದಿನ ಆಗಾಗ ಹೋಗಿ ಅದನ್ನೆತ್ತಿ ನೋಡಿ ಬಂದೆ. ಮೂರನೆಯ ದಿನ ತಡೆಯಲಾಗದೆ ಮೇಸ್ತ್ರಿಗೆ ಫೋನ್ ಮಾಡಿದೆ.

ಬಂದರು. ಅಂಗೈ ಇಟ್ಟು ನೋಡಿದರು. "ಸಿಮೆಂಟು ಪೂರ್ತಿ ಕೀಳಬೇಕು, ಕಂಡಿ ಬಿಚ್ಚಬೇಕು. ಗೋಡೆ ಒಣಗೋದು ದೀಪಾವಳಿಗೇ ಅಮ್ಮಾ. ಅಲ್ಲೀವರೆಗೆ ಯಾವಾಗ ಬೇಕಾದ್ರೂ ಕುಸಿದೀತು, ಯಾರೂ ಇದರ ಹತ್ರ ಮಲಗೋದು ಬೇಡ." ನಾನು ಹೇಳಿದ್ದೆನಲ್ಲ ಅಂತ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅವರು ಹೋದ ಮೇಲೆ ಮಗಳಿಗೆ ಫೋನ್ ಹಚ್ಚಿದೆ. "ಬರಬೇಡ ಮಗಾ. ಅತ್ತೆ ಮನೆಯಲ್ಲೇ ಇರು," ಅಂದು ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂತ ಕಾದೆ.

"ಅಪ್ಪನೂ ನೀನೂ ಎಲ್ಲಿ ಮಲಗ್ತಿದ್ದೀರಿ ಅಮ್ಮಾ?" ಅಂದಳು.

ಪಕ್ಕದ ಕೋಣೆಯಲ್ಲಿ, ಅಲ್ಲಿಗೂ ಮುಂದುವರಿದ ಅದೇ ಗೋಡೆಗೆ ತಾಗಿಸಿದ ಮಂಚದ ಮೇಲೆ. ಅಷ್ಟೂ ದಿನ ಅದು ನನ್ನ ತಲೆಗೇ ಹೊಳೆದಿರಲಿಲ್ಲ.