ದೋಸೆ ಹುಯ್ಯುವ ದೆವ್ವ

ಹಾಸನ ಜಿಲ್ಲೆಯ ಸಮಸ್ತ ಮಹಾಜನರಲ್ಲಿ ಅರಿಕೆ: ನಾನು ನಿನ್ನೆ ಮ್ಯಾಟಿನಿಯಲ್ಲಿ ದೆವ್ವದ ಸಿನಿಮಾ ನೋಡಿದೆ, ಒಂದು ಸಲವೂ ಬೆಚ್ಚಿಬೀಳಲಿಲ್ಲ.

ನಮ್ಮನ್ನು ಚಿಕ್ಕಂದಿನಲ್ಲಿ ನಗಿಸಿ ನಡುಗಿಸಿದ ಆ ದೆವ್ವದ ಸರಣಿಗೆ ಹೊಸ ಭಾಗ ಬಂದಿದೆ. ಈಗ ಅದು ಮನೆಮಂದಿಯೆಲ್ಲ ಕೂತು ನೋಡಬಹುದಾದ ದೆವ್ವವಂತೆ. ಬೆಳಿಗ್ಗೆ ಎದ್ದು ಮಕ್ಕಳಿಗೆ ದೋಸೆ ಹುಯ್ದು, ಡಬ್ಬಿ ಕಟ್ಟಿ ಸ್ಕೂಲಿಗೆ ಕಳಿಸುತ್ತದೆ!

ಮೊದಲ ಭಾಗವನ್ನು ನಾನು ದುದ್ದ ಊರಿನ ಸಿನಿಮಾ ಟೆಂಟಿನಲ್ಲಿ, ಮರಳಿನ ಮೇಲೆ ಅಜ್ಜಿಯ ಮಗ್ಗುಲಲ್ಲಿ ಕೂತು ನೋಡಿದ್ದೆ. ಕಬ್ಬಿಣವಿದ್ದರೆ ದೆವ್ವ ಹತ್ತಿರ ಸುಳಿಯದೆಂದು ಅಜ್ಜಿ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ ತಂದಿದ್ದಳು. ಪರದೆಯ ಮೇಲೆ ಬಿಳಿ ಸೀರೆ ಕಂಡದ್ದೇ ತಡ, ಅಡಕತ್ತರಿಯ ಬಾಯಿ ತೆರೆದು ಎತ್ತಿ ಹಿಡಿದಳು.

"ಬಾರೇ ಬಾ, ಮೂಗು ಕತ್ತರಿಸ್ತೀನಿ!"

ಹಿಂದೆ ಕೂತಿದ್ದ ಗೌಡರೊಬ್ಬರು ಗೊಣಗಿದರು: "ಕೈ ಇಳಿಸವ್ವಾ, ದೆವ್ವ ಕಾಣಾಕಿಲ್ಲ."

"ಸುಮ್ಕಿರಣ್ಣ, ಅದು ಬಂದ್ಬುಟ್ರೆ ನೀನ್ ಬಿಡಿಸ್ತೀಯಾ?"

ಟೆಂಟೇ ನಕ್ಕಿತು. ನಾನೂ ನಗುತ್ತಲೇ ಅವಳ ತೋಳಿಗೆ ಉಗುರು ನಾಟುವಂತೆ ಅವುಚಿಕೊಂಡಿದ್ದೆ.

ನಿನ್ನೆ ನನ್ನ ಪಕ್ಕದಲ್ಲಿ ಮಗಳಿದ್ದಳು. ಅವಳೂ ಹಾಗೆ ಹಿಡಿದುಕೊಳ್ಳಲಿ ಎಂದು ಸಿನಿಮಾ ಮುಗಿಯುವವರೆಗೂ ತೋಳು ಚಾಚಿ ಕೂತೆ, ನೋವು ಬಂದದ್ದಷ್ಟೇ ಲಾಭ.

"ಅಪ್ಪಾ, ಈ ದೆವ್ವಾನ ಮನೆಗೆ ಕರ್ಕೊಂಡ್ ಹೋಗೋಣ, ಅಮ್ಮಂಗೆ ರೆಸ್ಟ್ ಸಿಗುತ್ತೆ" ಎಂದಳು.

ಮಗಳು ನಾಲ್ಕನೇ ಕ್ಲಾಸಿಗೆ ಬಂದಾಯಿತು. ಹೆದರುವ ವಯಸ್ಸು ಇನ್ನು ಹೆಚ್ಚು ದಿನ ಉಳಿಯುವುದಿಲ್ಲ. ಮೊದಲ ಭಾಗದ ಸಿ.ಡಿ. ನನ್ನಲ್ಲಿದೆ, ಹಾಕಲು ಪ್ಲೇಯರ್ ಇಲ್ಲ. ನಿಮ್ಮ ಅಟ್ಟದಲ್ಲಿ ಓಡುವಂಥದ್ದು ಇದ್ದರೆ ಈ ಭಾನುವಾರದ ಮಟ್ಟಿಗೆ ಕೊಡಿ. ರಿಮೋಟ್ ಇಲ್ಲದಿದ್ದರೂ ನಡೆಯುತ್ತದೆ.