ಗೊಡ್ಡು ತೊಗರಿ

ಜಗಳೂರು ಕಡೆಯ ನಮ್ಮ ಹೊಲದಲ್ಲಿ ಒಂದು ವರ್ಷ ತೊಗರಿ ಎದೆಯೆತ್ತರ ಬೆಳೆದು ಹೂವನ್ನೇ ಬಿಡಲಿಲ್ಲ. ಎಲೆ ಸಣ್ಣಗೆ, ತಿಳಿಹಸಿರಾಗಿ ಪೊದೆಗಟ್ಟಿಕೊಂಡಿತು. ದೀಪಾವಳಿ ಕಳೆದರೂ ಒಂದು ಹಳದಿ ಚುಕ್ಕೆ ಕಾಣಲಿಲ್ಲ. ಇದು ಗಾಳಿಯಲ್ಲಿ ಬರುವ ನುಸಿಯಿಂದ ಹರಡುವ ರೋಗ. ಹೆಸರು ಗೊಡ್ಡು ರೋಗ. ಆ ಹೆಸರು ಕೇಳಿದ ಕೂಡಲೇ ಊರಿನವರಿಗೆ ನೆನಪಾದದ್ದು ನುಸಿಯಲ್ಲ, ನಮ್ಮಕ್ಕ.

ಅಕ್ಕ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಾಗಲಿಲ್ಲ. ನಮ್ಮತ್ತೆ ಅವಳನ್ನು ಎದುರಿಗೇ ಗೊಡ್ಡಿ ಎನ್ನುತ್ತಿದ್ದಳು. ಬಿತ್ತನೆಯ ದಿನ ಕೂರಿಗೆಯ ಹಿಂದೆ ನಡೆದು ತೊಗರಿ ಕಾಳು ಬಿಡುವುದು ಮಕ್ಕಳಿದ್ದ ಹೆಂಗಸಿನ ಕೆಲಸ. ಅಕ್ಕ ಮಡಿಲಲ್ಲಿ ಬೀಜ ತಂದು, ಬದುವಿನ ಮೇಲೆ ನಿಂತು ನನ್ನ ಸೆರಗಿಗೆ ಸುರಿಯುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಬೀಜ ಆರಿಸುವವಳು, ಬೂದಿ ಬೆರೆಸಿ ಗಡಿಗೆಯಲ್ಲಿ ಇಡುವವಳು ಮಾತ್ರ ಅವಳೇ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಅವಳ ಗಡಿಗೆಯಲ್ಲಿ ಬಿಳಿ, ಕೆಂಪು, ಕರಿ, ಚುಕ್ಕೆಯದು ಎಲ್ಲವೂ ಒಟ್ಟಿಗೆ. ಒಂದು ಬೇಗ ಕಾಯಿ ಕಟ್ಟಿದರೆ ಇನ್ನೊಂದು ಚಳಿ ಬಿದ್ದ ಮೇಲೆ. ಹುಳ ಮೊದಲನೆಯದನ್ನು ಕೊರೆಯುವಾಗ ಎರಡನೆಯದು ಮೊಗ್ಗೂ ಬಿಟ್ಟಿರುತ್ತಿರಲಿಲ್ಲ. ರೋಗ ಬಂದರೆ ಒಂದು ಜಾತಿ ಹೋಗುತ್ತಿತ್ತು, ಪಕ್ಕದ್ದು ಏನೂ ಆಗದಂತೆ ನಿಂತಿರುತ್ತಿತ್ತು.

ಆ ವರ್ಷ ಬಿತ್ತನೆಗೆ ಮುಂಚೆ ಅಕ್ಕ ತೀರಿಕೊಂಡಳು. ತಿಥಿಯ ದಿನ ನೆಂಟರ ಹೆಂಗಸರು ಅಡುಗೆಗೆ ನಿಂತು ಆ ಗಡಿಗೆ ಇಳಿಸಿದರು. ಬಣ್ಣಬಣ್ಣದ ಕಾಳು ಕಂಡು, ಯಾವುದೋ ಕಲಬೆರಕೆ ಎಂದುಕೊಂಡು ತೊಳೆದು ಗುಗ್ಗರಿ ಬೇಯಿಸಿಬಿಟ್ಟರು. ನಾನು ಸಮಾಧಿಯಿಂದ ವಾಪಸು ಬರುವಷ್ಟರಲ್ಲಿ ಬಿತ್ತನೆ ಬೀಜ ಎಲೆಗೆ ಬಿದ್ದಿತ್ತು. ತಿಂದವರು ರುಚಿಯಾಗಿದೆ ಎಂದರು. ರುಚಿಯಾಗಿಯೇ ಇತ್ತು.

ಮಗ ಅಂಗಡಿಯಿಂದ ಬೀಜ ತಂದ. "ಒಂದೇ ಜಾತಿ ಹಾಕಿದ್ರೆ ಒಟ್ಟಿಗೆ ಕೊಯ್ಲಿಗೆ ಬರ್ತೈತವ್ವಾ. ಮಿಷಿನ್ ಬಿಟ್ರೆ ಒಪ್ಪತ್ತಿನ ಕೆಲ್ಸ," ಅಂದ. ಕೊಯ್ಯಲು ಏನೂ ಇರಲಿಲ್ಲ. ಹೊಲಕ್ಕೆ ಹೊಲವೇ ಗೊಡ್ಡಾಯಿತು.

"ಗೊಡ್ಡಿ ಹೋಗೋವಾಗ ಹೊಲಾನೂ ಜೊತೆಗೆ ತಗಂಡು ಹೋದ್ಲು," ಎಂದು ಊರಲ್ಲಿ ಮಾತು ಎದ್ದಿತು. ಮುಸ್ಸಂಜೆಗೆ ಬದುವಿನ ಮೇಲೆ ನಿಂತಿರುತ್ತಾಳಂತೆ. ಹೆಂಗಸರು ಆ ಕಾಲುದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು. ನನಗೆ ಕಂಡಿದ್ದರೆ ಹೇಳುತ್ತಿದ್ದೆ, ಕಾಣಲಿಲ್ಲ. ಆದರೂ ಆ ಹೊಲ ಸರಿಯಿರಲಿಲ್ಲ. ಹೂವಿದ್ದರೆ ಜೇನುಹುಳ ಗುಂಯ್ ಎನ್ನುತ್ತವೆ. ಅಲ್ಲಿ ಒಂದು ಹುಳದ ಸದ್ದಿರಲಿಲ್ಲ. ಅಷ್ಟು ಹಸಿರಿನ ನಡುವೆ ಅಷ್ಟು ಮೌನ ನಾನು ಇನ್ನೆಲ್ಲೂ ಕಂಡಿಲ್ಲ.

ಬದುಕಿದ್ದಾಗ ಹೊತ್ತ ಮಾತನ್ನು ಸತ್ತ ಮೇಲೂ ಹೊರಬೇಕೇ? ಅವಳ ಬೀಜವನ್ನೇ ಹುಡುಕಿ ತಂದು, ಅದೇ ಹೊಲದಲ್ಲಿ ಕಾಯಿ ಕಟ್ಟಿಸಿ ಇವರ ಬಾಯಿ ಮುಚ್ಚಿಸಬೇಕು ಎಂದುಕೊಂಡೆ.

ನಮ್ಮೂರಲ್ಲಿ ಗಾದಿ ಹೊಲಿಯುತ್ತಿದ್ದ ಸಾಬರ ಮನೆಯ ಹೆಂಗಸು ಅಕ್ಕನಿಗೆ ಗೆಳತಿ. ಈಗ ನ್ಯಾಮತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಹೋದೆ. ಅವರ ಹಿತ್ತಲ ಬೇಲಿಗುಂಟ ತೊಗರಿ ನಿಂತಿತ್ತು, ಒಂದು ಗಿಡ ಇನ್ನೊಂದರ ಹಾಗಿರಲಿಲ್ಲ.

"ಬೀಜ ಬೇಕಾಗಿತ್ತು," ಎಂದೆ.

"ಅದೀಯೇನು ಸತ್ತೀಯೇನು ಅಂತ ಕೇಳಲಿಲ್ಲ, ಈಗ ಬೀಜಕ್ಕೆ ಬಂದ್ಯಲ್ಲೇ!" ಎಂದು ಬೈದು, ಡಬ್ಬಿ ತಂದು ನನ್ನ ಚೀಲಕ್ಕೆ ಸುರಿದಳು. "ನಿಮ್ಮಕ್ಕ ಇದನ್ನ ಕೊಡೋವಾಗ ಏನಂದ್ಲು ಗೊತ್ತೇನು? ನೀನಾದ್ರೂ ನಿನ್ ಕೈಯಾರೆ ಬಿತ್ತು, ನಂಗೆ ಬಿತ್ತಾಕೆ ಬಿಡಂಗಿಲ್ಲ ಅಂದ್ಲು."

ನಾನು ಚೀಲದ ಬಾಯಿ ಕಟ್ಟಿದೆ.

"ಹೊಲದಾಗೆ ಓಡಾಡ್ತಾಳಂತೆ, ಹೌದೇನು?"

"ಬದುಕಿದ್ದಾಗ್ಲೇ ಓಡಾಡಾಕೆ ಪುರಸೊತ್ತಿರಲಿಲ್ಲ ಅವಳಿಗೆ," ಎಂದೆ. ಇಬ್ಬರೂ ನಕ್ಕೆವು. ನಗು ಬೇಗ ನಿಂತಿತು.

ಗೊಡ್ಡು ಗಿಡಗಳನ್ನೆಲ್ಲ ಕಿತ್ತು ಸುಟ್ಟು, ಮುಂದಿನ ಮುಂಗಾರಿಗೆ ಶೇಂಗಾದ ನಡುವೆ ಸಾಲು ಬಿಟ್ಟು ಅವಳ ಬೀಜ ಬಿತ್ತಿದೆವು. ಅಲ್ಲೊಂದು ಇಲ್ಲೊಂದು ಗಿಡಕ್ಕೆ ರೋಗ ಬಂತು, ಕಿತ್ತು ಹಾಕಿದೆ. ಉಳಿದವು ಹೂವಾಗಿ ಕಾಯಿ ಹಿಡಿದವು. ಒಂದು ರೆಂಬೆ ಮುರಿದು, ಹಾಲಿನ ಡೈರಿಯ ಮುಂದೆ ನಿಂತಿದ್ದ ಹೆಂಗಸರ ಮುಖಕ್ಕೆ ಹಿಡಿದೆ.

"ಈಗ ಹೇಳ್ರೇ, ಯಾರು ಗೊಡ್ಡು?"

"ಕಾಯಿ ಬಿಡದೇ ಏನು ಮಾಡ್ತೈತಜ್ಜಿ?" ಅಂದಳು ಒಬ್ಬಳು. "ನಿನ್ ಸೊಸೆ ಅಮಾಸೆ ದಿನ ಬದುವಿನ ಮ್ಯಾಲೆ ಸೀರೆ ಇಟ್ಟು ಎಡೆ ಹಾಕಿ ಬಂದ್ಲಲ್ಲ. ಆವಮ್ಮ ಶಾಂತ ಆದ್ಲು."

ಸೊಸೆ ಎಡೆ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಬೀಜದ ವಿಷಯ ಹೇಳಿದೆ. ತಲೆಯಾಡಿಸಿದರು, ಕೇಳಿಸಿಕೊಳ್ಳಲಿಲ್ಲ.

ಈ ತೊಗರಿ ಒಟ್ಟಿಗೆ ಮಾಗುವುದಿಲ್ಲ, ಮತ್ತೆ ಮತ್ತೆ ಹೋಗಿ ಕೊಯ್ಯಬೇಕು. ಶಾಂತ ಆದ್ಲು ಅಂದರೂ ಆ ಹೊಲಕ್ಕೆ ಕೂಲಿಯವರು ಇವತ್ತಿಗೂ ಬರಲೊಲ್ಲರು. ನಾನೊಬ್ಬಳೇ ಹೋಗಿ ಒಣಗಿದ್ದನ್ನು ಕೊಯ್ದು, ಹಸಿಯದನ್ನು ಬಿಟ್ಟು ಬರುತ್ತೇನೆ. ಒಮ್ಮೊಮ್ಮೆ ಪಕ್ಕದ ಸಾಲಿನಲ್ಲಿ ಯಾರೋ ಗಿಡ ಸರಿಸಿದ ಸದ್ದಾಗುತ್ತದೆ. ಹಂದಿ ಇರಬಹುದು. ನಾನು ತಿರುಗಿ ನೋಡುವುದಿಲ್ಲ. ಆ ಸಾಲನ್ನು ಬಿಟ್ಟು ಆಚೆಯ ಸಾಲಿಗೆ ಹೋಗುತ್ತೇನೆ.